ಜೋಳದ ನಾಡಿನಲ್ಲಿ ಸೀಲಿಯಾಕ್ ರೋಗ

ಗಿಣಿಗೇರಾ ಮೊದಲಾದ ಕೊಪ್ಪಳ ಸೀಮೆಯ ಊರುಗಳಲ್ಲಿ ಊಟವೆಂದರೆ ಜೋಳದ ರೊಟ್ಟಿ. ಇಂಥಲ್ಲಿ ಗೋಧಿಯಿಂದ ಕೆರಳುವ ರೋಗವೊಂದರ ಮಾತನ್ನು ಏಕೆ ಎತ್ತಬೇಕೆಂದು ವಾಚಕರು ಕೇಳಬಹುದು. ಕಾರಣವುಂಟು. ಈ ರೋಗವು ನಮ್ಮ ಕಡೆ ವಿರಳ. ವಿರಳವಾದುದರಿಂದಲೇ ಯಾರ ನೆನಪಿಗೂ ಬಾರದೆ ವರ್ಷಗಟ್ಟಲೆ ಮರೆಯಲ್ಲಿ ಉಳಿಯಬಲ್ಲುದು.

ಗೋಧಿ, ಜವೆಗೋಧಿಗಳಲ್ಲಿ ಗ್ಲುಟೆನ್ ಎಂಬ ಅಂಟು ಪ್ರೋಟೀನು ಇದೆ. ಚಪಾತಿಯ ಹಿಟ್ಟು ಹರಿಯದೆ ಎಳೆಯಲು ಬರುವುದು ಇದರಿಂದಲೇ. ಸಣ್ಣಕರುಳಿನ ಒಳಗೋಡೆಯಲ್ಲಿ ಮಖಮಲ್ಲಿನ ಎಳೆಗಳಂತೆ ಒತ್ತಾಗಿ ನಿಂತ ಸೂಕ್ಷ್ಮ ಬೆರಳುಗಳು ಆಹಾರದ ಸಾರವನ್ನು ಹೀರುತ್ತವೆ. ಸೀಲಿಯಾಕ್ ರೋಗಿಗಳಲ್ಲಿ ಗ್ಲುಟೆನ್ನಿನಿಂದ ಕೆರಳಿದ ದೇಹದ ರಕ್ಷಣಾವ್ಯವಸ್ಥೆಯು ಈ ಬೆರಳುಗಳನ್ನೇ ಸವೆಸುತ್ತದೆ. ಆಗ ಉಂಡದ್ದು ಮೈಗೆ ಹತ್ತದು. ಕೆಲವರಿಗೆ ಭೇದಿ, ಹೊಟ್ಟೆಯುಬ್ಬರ. ಕೆಲವರಿಗೆ ಹೊಟ್ಟೆಯ ತೊಂದರೆಯೇ ಇಲ್ಲ, ಕಬ್ಬಿಣದ ಮಾತ್ರೆಗೆ ಬಗ್ಗದ ರಕ್ತಹೀನತೆ ಅಥವಾ ಕುಂಠಿತವಾದ ಬೆಳವಣಿಗೆ ಮಾತ್ರ. ಶಾಲೆಯ ಬಾಲಕಿಯೊಬ್ಬಳು ಹೀಗೆ ಬಿಳಿಚಿಕೊಂಡಿದ್ದರೆ, ಸರಿಯಾಗಿ ಉಣ್ಣುವುದಿಲ್ಲವೆಂದು ಬೈಸಿಕೊಳ್ಳುವುದೇ ಹೆಚ್ಚು.

ಅಪರಾಧಿ ಗೋಧಿಯೆಂದು ತೋರಿಸಿಕೊಟ್ಟವನು ಹಾಲೆಂಡಿನ ಮಕ್ಕಳ ವೈದ್ಯ ವಿಲೆಮ್ ಡಿಕೆ. 1944-45ರ ಚಳಿಗಾಲದ ಕ್ಷಾಮದಲ್ಲಿ ರೊಟ್ಟಿ ಸಿಗದಿದ್ದಾಗ ಈ ರೋಗದ ಮಕ್ಕಳು ಚೇತರಿಸಿಕೊಂಡು, ರೊಟ್ಟಿ ಮರಳಿ ಬಂದಾಗ ಮತ್ತೆ ಕುಗ್ಗಿದ್ದು ಅವನ ಹಿಂದಿನ ಸಂಶಯವನ್ನು ಬಲಪಡಿಸಿತು. 1950ರಲ್ಲಿ ಅವನು ಇದನ್ನು ಪ್ರಬಂಧವಾಗಿ ಮಂಡಿಸಿದನು.

ನಮ್ಮ ದೇಶದ ಸಂಗತಿ ಇನ್ನೂ ಕುತೂಹಲಕರ. 2016ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ ಉತ್ತರದಲ್ಲಿ ನೂರಕ್ಕೆ 1.23 ಮಂದಿಯ ರಕ್ತದಲ್ಲಿ ಈ ರೋಗದ ಪ್ರತಿಕಾಯಗಳು ಕಂಡರೆ, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಲ್ಲಿ. ಆದರೆ ರೋಗಕ್ಕೆ ಎಡೆಗೊಡುವ ಜೀನುಗಳು ಎರಡೂ ಕಡೆ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಲ್ಲಿ ಇದ್ದವು. ದೊಡ್ಡ ವ್ಯತ್ಯಾಸ ಕಂಡದ್ದು ಗೋಧಿಯಲ್ಲಿ: ಉತ್ತರದಲ್ಲಿ ದಿನಕ್ಕೆ 455 ಗ್ರಾಂ, ದಕ್ಷಿಣದಲ್ಲಿ 25. ಚಪಾತಿ, ಬಿಸ್ಕತ್ತು, ಪರೋಟಗಳು ನಮ್ಮ ತಟ್ಟೆಗೆ ಏರುತ್ತಿರುವಾಗ ಇದು ಯೋಚಿಸತಕ್ಕ ವಿಷಯ.

ಪರೀಕ್ಷೆಯ ಮೊದಲ ಹೆಜ್ಜೆ ರಕ್ತದಲ್ಲಿನ ಪ್ರತಿಕಾಯಗಳನ್ನು ಅಳೆಯುವುದು. ಅನಂತರ ಸಾಮಾನ್ಯವಾಗಿ ಕೊಳವೆ ಇಳಿಸಿ ಸಣ್ಣಕರುಳಿನ ಚೂರು ತೆಗೆದು ನೋಡುತ್ತಾರೆ. ಪರೀಕ್ಷೆಗೆ ಮುಂಚೆ ಗೋಧಿಯನ್ನು ಬಿಡಕೂಡದು. ಬಿಟ್ಟರೆ ಪ್ರತಿಕಾಯಗಳು ಇಳಿದು, ಕರುಳು ಮಾಯತೊಡಗಿ, ರೋಗವಿದ್ದೂ ಇಲ್ಲವೆಂಬ ಉತ್ತರ ಬರಬಹುದು.

ರೋಗ ಖಚಿತವಾದರೆ ಜೀವಮಾನವಿಡೀ ಗ್ಲುಟೆನ್ ವರ್ಜ್ಯ, ಪಥ್ಯವೇ ಔಷಧ. ಜೋಳ, ಸಜ್ಜೆ, ರಾಗಿ, ನವಣೆ, ಅಕ್ಕಿಗಳಲ್ಲಿ ಈ ಗ್ಲುಟೆನ್ ಇಲ್ಲ. ಹಾಗಾದರೆ ಗಿಣಿಗೇರಿಯ ರೋಗಿಗೆ ಚಿಂತೆಯೇ ಇಲ್ಲವೆ? ಇದೆ, ಅದು ಗಿರಣಿಯಲ್ಲಿದೆ! ಗೋಧಿ ಬೀಸಿದ ಕಲ್ಲಿನಲ್ಲೇ ಜೋಳವನ್ನು ಸುರಿದರೆ ಉಳಿದ ಗೋಧಿಹಿಟ್ಟು ಅದರಲ್ಲಿ ಬೆರೆಯುತ್ತದೆ. ನಮ್ಮ ದೇಶದ ನಿಯಮದಂತೆ ಗ್ಲುಟೆನ್‌ರಹಿತವೆಂದು ಮಾರುವ ಆಹಾರದಲ್ಲಿ ಕಿಲೋಗ್ರಾಮಿಗೆ 20 ಮಿಲಿಗ್ರಾಂ ಮೀರಕೂಡದು; ಒಂದು ಹಿಡಿ ಗೋಧಿಹಿಟ್ಟು ಎಷ್ಟು ಹೆಚ್ಚೆಂಬುದನ್ನು ಊಹಿಸಬಹುದು. ಆದ್ದರಿಂದ ಮನೆಯ ಬೀಸುಕಲ್ಲೋ, ಗೋಧಿ ಸೋಂಕದ ಸಣ್ಣ ಯಂತ್ರವೋ ಬೇಕು. ಅಟ್ಟದ ಮೇಲೆ ಧೂಳು ತಿನ್ನುತ್ತಿರುವ ಅಜ್ಜಿಯ ಬೀಸುಕಲ್ಲಿಗೆ ಹೀಗೊಂದು ಉದ್ಯೋಗ ದೊರೆತೀತು.

ಇನ್ನು ಪ್ರಯಾಣ. ಗಿಣಿಗೇರಿಯಿಂದ ರೈಲು ಹತ್ತಿ ಹುಬ್ಬಳ್ಳಿಗೋ ಬೆಂಗಳೂರಿಗೋ ಓದಲು ಹೋಗುವ ವಿದ್ಯಾರ್ಥಿಗೆ ಇಡ್ಲಿ ಸಾಮಾನ್ಯವಾಗಿ ಸಲ್ಲುತ್ತದೆ, ರವೆ ಇಡ್ಲಿ ಸಲ್ಲದು. ಅದರ ರವೆ ಗೋಧಿಯದು. ಸಾಂಬಾರಿನ ಇಂಗಿನಲ್ಲಿ ಬಹುಮಟ್ಟಿಗೆ ಗೋಧಿಹಿಟ್ಟು ಬೆರೆತಿರುತ್ತದೆ. ಮಿರ್ಚಿ ಭಜಿಯ ಕಡಲೆಹಿಟ್ಟು ನಿರ್ದೋಷಿಯಾದರೂ ಪೂರಿ ಕರಿದ ಎಣ್ಣೆಯಲ್ಲಿ ಬಿದ್ದರೆ ಕೆಟ್ಟಿತು. ಹೋಟೆಲಿನಲ್ಲಿ “ಗ್ಲುಟೆನ್ ಇದೆಯೇ?” ಎನ್ನುವುದಕ್ಕಿಂತ, “ಗೋಧಿ, ರವೆ, ಮೈದಾ ಹಾಕಿದ್ದೀರಾ? ಇಂಗು ಯಾವುದು?” ಎಂದು ಕೇಳುವುದು ಲೇಸು. ಎಲ್ಲಕ್ಕಿಂತ ನಂಬಬಹುದಾದದ್ದು ಮನೆಯಲ್ಲೇ ಬೀಸಿದ ಹಿಟ್ಟಿನ ಖಡಕ್ ರೊಟ್ಟಿ. ತೇವ ತಾಗದಿದ್ದರೆ ಅದು ವಾರಗಟ್ಟಲೆ ಕೆಡದು. ಜೊತೆಗೆ ಇಂಗು ಹಾಕದ ಶೇಂಗಾ ಚಟ್ನಿಪುಡಿ, ಒಂದು ಗಡ್ಡೆ ಉಳ್ಳಾಗಡ್ಡಿ ಇದ್ದರೆ ಆಯಿತು.