ಊರಿನ ಹೆಸರೇ ಮೂಲಧನ: ಶಾತೋನೆಫ್-ದು-ಪಾಪ್ ಗ್ರಾಮದಿಂದ ಕಲಿಯಬೇಕಾದ ಪಾಠ

ಲೆಕ್ಕಪರಿಶೋಧನೆಯನ್ನು ವೃತ್ತಿಯಾಗಿಸಿಕೊಂಡ ನನ್ನಂಥವರಿಗೆ ಆಸ್ತಿ ಎಂದೊಡನೆ ನೆನಪಾಗುವುದು ಭೂಮಿ, ಕಟ್ಟಡ, ಯಂತ್ರ, ದಾಸ್ತಾನು ಹಾಗೂ ಬರಬೇಕಾದ ಬಾಕಿ. ಇವೆಲ್ಲಕ್ಕೂ ಆಸ್ತಿ-ಹೊಣೆ ಪಟ್ಟಿಯಲ್ಲಿ ಒಂದೊಂದು ಸಾಲು ಉಂಟು. ಆದರೆ ಇಡೀ ಊರಿಗೆ ಜೀವನಾಧಾರವಾಗಿದ್ದೂ ಆ ಊರಿನ ಯಾವೊಬ್ಬ ವ್ಯಾಪಾರಿಯ ಪಟ್ಟಿಯಲ್ಲಿಯೂ ಕಾಣಿಸಿಕೊಳ್ಳದ ಆಸ್ತಿಯೊಂದಿದೆ. ಅದು ಊರಿನ ಹೆಸರು.

ಕೆಲವು ವರ್ಷಗಳ ಹಿಂದೆ, ಮೆಣಸಿನಕಾಯಿ ವ್ಯಾಪಾರಸ್ಥರಾದ ನನ್ನ ಕಕ್ಷಿದಾರರೊಬ್ಬರಿಗೆ ಭೌಗೋಳಿಕ ಸೂಚಕ ಕಾಯಿದೆಯ ಪ್ರಯೋಜನಗಳನ್ನು ವಿವರಿಸುತ್ತಿದ್ದೆ. ಎಲ್ಲವನ್ನೂ ಸಾವಧಾನವಾಗಿ ಕೇಳಿದ ಅವರು, "ಅಲ್ರೀ ಸಾಹೇಬ್ರ, ಹೆಸರು ಎಲ್ಲಾರ್ದೂ ಅಂದ್ರ ಯಾರ್ದೂ ಅಲ್ಲ ಅಂದಂಗಾತಲ್ರೀ. ನಾ ಒಬ್ಬನ ಚೊಕ್ಕ ಮಾಲು ಕೊಟ್ರ ಏನ್ ಬಂತು?" ಎಂದು ಕೇಳಿದರು. ಆ ದಿನ ನನ್ನಲ್ಲಿ ಸಮರ್ಪಕ ಉತ್ತರವಿರಲಿಲ್ಲ. ಮುಂದೆ ಓದುತ್ತ ಹೋದಂತೆ, ಇದೇ ಪ್ರಶ್ನೆಯನ್ನು ನೂರು ವರ್ಷಗಳ ಹಿಂದೆ ಎದುರಿಸಿ ಉತ್ತರ ಕಂಡುಕೊಂಡ ಊರೊಂದು ದಕ್ಷಿಣ ಫ್ರಾನ್ಸಿನಲ್ಲಿದೆ ಎಂದು ತಿಳಿಯಿತು. ಅದೇ ಶಾತೋನೆಫ್-ದು-ಪಾಪ್. ಅಲ್ಲಿಯ ಉತ್ಪನ್ನ ದ್ರಾಕ್ಷಿಯ ವೈನ್. ಅದರ ಗುಣಗಾನ ಈ ಲೇಖನದ ಉದ್ದೇಶವಲ್ಲ; ಈ ಲೇಖಕನಿಗೆ ಅದರ ರುಚಿಯೂ ತಿಳಿಯದು. ಒಂದು ಊರು ತನ್ನ ಹೆಸರನ್ನು ಹೇಗೆ ಗಳಿಸಿ, ಹೇಗೆ ಉಳಿಸಿಕೊಂಡಿತು ಎಂಬುದಷ್ಟೇ ಇಲ್ಲಿಯ ವಿಷಯ.

ನೆಲ, ಕಲ್ಲು ಮತ್ತು ಗಾಳಿ

ಫ್ರಾನ್ಸಿನ ಆಗ್ನೇಯ ಭಾಗದ ವೋಕ್ಲೂಸ್ ಜಿಲ್ಲೆಯಲ್ಲಿ, ರೋನ್ ನದಿಯ ಪೂರ್ವಕ್ಕೆ, ಒರಾಂಜ್ ಮತ್ತು ಅವಿನ್ಯೋನ್ ಪಟ್ಟಣಗಳ ನಡುವೆ ಈ ಗ್ರಾಮವಿದೆ. ಜನಸಂಖ್ಯೆ ಸುಮಾರು ಎರಡು ಸಾವಿರ. ದಿಬ್ಬವೊಂದರ ಇಳಿಜಾರಿನಲ್ಲಿ ಮನೆಗಳು, ನೆತ್ತಿಯಲ್ಲಿ ಪಾಳುಬಿದ್ದ ಕೋಟೆ, ಸುತ್ತಲೂ ದ್ರಾಕ್ಷಿತೋಟಗಳು. ಈ ಗ್ರಾಮವೂ ಸೇರಿದಂತೆ ಒರಾಂಜ್, ಕೂರ್ತೆಜೋನ್, ಬೆದಾರಿದ್ ಮತ್ತು ಸೋರ್ಗ್ ಎಂಬ ಐದು ಊರುಗಳ ಗಡಿಯೊಳಗಿನ ಸುಮಾರು 3,200 ಹೆಕ್ಟೇರ್ ತೋಟಗಳಿಗೆ ಮಾತ್ರ ಈ ಹೆಸರನ್ನು ಬಳಸುವ ಹಕ್ಕಿದೆ.

ಇಲ್ಲಿಯ ಅನೇಕ ತೋಟಗಳಲ್ಲಿ ಮಣ್ಣೇ ಕಾಣಿಸದು. ಆಲ್ಪ್ಸ್ ಪರ್ವತಗಳಿಂದ ರೋನ್ ನದಿಯು ಪುರಾತನ ಕಾಲದಲ್ಲಿ ಉರುಳಿಸಿ ತಂದ ಮುಷ್ಟಿಗಾತ್ರದ, ಕೆಲವೆಡೆ ಅದಕ್ಕಿಂತಲೂ ದೊಡ್ಡದಾದ, ನುಣುಪಾದ ಬೆಣಚುಕಲ್ಲುಗಳು ನೆಲವನ್ನು ಮುಚ್ಚಿವೆ. ಇವು ಹಗಲಿನ ಬಿಸಿಲನ್ನು ಹೀರಿಕೊಂಡು ರಾತ್ರಿಯಲ್ಲಿ ಶಾಖವನ್ನು ಬಿಟ್ಟುಕೊಡುತ್ತವೆ. ಕೆಳಗಿನ ಜೇಡಿಮಣ್ಣಿನ ತೇವ ಬೇಗನೆ ಆರದಂತೆ ಕಾಯುತ್ತವೆ. ಮರಳು ಮತ್ತು ಸುಣ್ಣಕಲ್ಲಿನ ನೆಲವೂ ಅಲ್ಲಲ್ಲಿ ಉಂಟು. ಉತ್ತರದಿಂದ ಕಣಿವೆಯುದ್ದಕ್ಕೂ ರಭಸದಿಂದ ಬೀಸುವ 'ಮಿಸ್ತ್ರಾಲ್' ಎಂಬ ಒಣಗಾಳಿಯು ಬಳ್ಳಿಗಳ ಮೇಲಿನ ತೇವವನ್ನು ಆರಿಸಿ ಬೂಷ್ಟಿನ ರೋಗಗಳನ್ನು ದೂರವಿಡುತ್ತದೆ. ಅದೇ ಗಾಳಿಯ ಹೊಡೆತಕ್ಕೆ ಸಿಲುಕದಿರಲೆಂದು ಬಳ್ಳಿಗಳನ್ನು ಚಪ್ಪರಕ್ಕೆ ಹಬ್ಬಿಸದೆ ಗಿಡ್ಡನೆಯ ಪೊದೆಗಳಂತೆ ಸವರಿ ಬೆಳೆಸುವುದು ಇಲ್ಲಿಯ ಹಳೆಯ ಪದ್ಧತಿ. ಗ್ರೆನಾಶ್ ಪ್ರಧಾನ ತಳಿ. ಸಿರಾ, ಮೂರ್ವೆದ್ರ್ ಮೊದಲಾದವನ್ನು ಸೇರಿಸಿ ಸಾಂಪ್ರದಾಯಿಕವಾಗಿ 13 ತಳಿಗಳಿಗೆ ಅನುಮತಿಯಿದೆ.

ಪೋಪರ ನೆನಪು

ಕ್ರಿ.ಶ. 1309ರಲ್ಲಿ ಐದನೆಯ ಕ್ಲೆಮೆಂಟ್ ಎಂಬ ಪೋಪರು ರೋಮ್ ನಗರಕ್ಕೆ ಬದಲಾಗಿ ಅವಿನ್ಯೋನಿನಲ್ಲಿ ನೆಲೆಸಿದರು. 1377ರವರೆಗೆ ಪೋಪರ ಪೀಠ ಅಲ್ಲಿಯೇ ಇದ್ದಿತು. ಅವರ ಉತ್ತರಾಧಿಕಾರಿ ಇಪ್ಪತ್ತೆರಡನೆಯ ಜಾನ್ ಅವರ ಕಾಲದಲ್ಲಿ, ಅಂದರೆ 1316ರಿಂದ 1334ರ ನಡುವೆ, ಈ ಗ್ರಾಮದ ದಿಬ್ಬದ ಮೇಲೆ ಕೋಟೆಯೊಂದು ಎದ್ದು ನಿಂತಿತು. 'ಪೋಪರ ಹೊಸ ಕೋಟೆ' ಎಂಬ ಅರ್ಥದ ಇಂದಿನ ಹೆಸರಿಗೆ ಆಧಾರ ಇದೇ ನಂಟು. ಆದರೆ ಆ ಹೆಸರು ಅಧಿಕೃತವಾದದ್ದು 1893ರಲ್ಲಿ ಮಾತ್ರ. ಅದಕ್ಕೂ ಮೊದಲು ಊರಿನ ಹೆಸರು ಶಾತೋನೆಫ್-ಕಾಲ್ಸೆರ್ನಿಯೇ. ಸಮೀಪದ ಸುಣ್ಣದ ಗೂಡುಗಳಿಂದ ಬಂದ ಹೆಸರದು. ಕೋಟೆಯ ಹೆಚ್ಚಿನ ಭಾಗ ಕಾಲಕ್ರಮದಲ್ಲಿ ಹಾಳಾಯಿತು. ಉಳಿದಿದ್ದ ಗೋಪುರವನ್ನು 1944ರ ಆಗಸ್ಟ್ ತಿಂಗಳಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನಿಕರು ಸಿಡಿಮದ್ದಿನಿಂದ ಉರುಳಿಸಲೆತ್ನಿಸಿದರು. ಅರ್ಧ ಬಿದ್ದಿತು, ದಕ್ಷಿಣದ ಅರ್ಧ ಇಂದಿಗೂ ನಿಂತಿದೆ.

ಇಷ್ಟೇ ಆಗಿದ್ದರೆ ಇದು ಬರಿಯ ಪ್ರವಾಸಿ ತಾಣದ ಕಥೆಯಾಗುತ್ತಿತ್ತು. ಪೋಪರಿಂದ ಊರಿಗೆ ಹೆಸರು ದೊರೆಯಿತು. ಆ ಹೆಸರಿಗೆ ಬೆಲೆ ತಂದವರು ಬೇರೆಯವರು.

ಕೊರತೆಯೊಡನೆ ಬಂದ ಕಲಬೆರಕೆ

1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಸೂಕ್ಷ್ಮ ಕೀಟವು ಇದೇ ರೋನ್ ಕಣಿವೆಯಲ್ಲಿ ಮೊದಲು ಕಾಣಿಸಿಕೊಂಡು ಕ್ರಮೇಣ ಫ್ರಾನ್ಸಿನ ದ್ರಾಕ್ಷಿತೋಟಗಳ ಬೇರುಗಳನ್ನೇ ತಿಂದು ಹಾಕಿತು. ಕೀಟವನ್ನು ತಾಳಿಕೊಳ್ಳಬಲ್ಲ ಅಮೆರಿಕದ ಬೇರುಗಿಡಕ್ಕೆ ಸ್ಥಳೀಯ ಬಳ್ಳಿಯನ್ನು ಕಸಿ ಮಾಡುವ ಉಪಾಯದಿಂದ ತೋಟಗಳು ಮತ್ತೆ ಚಿಗುರಿದವು. ಆದರೆ ನಡುವಿನ ವರ್ಷಗಳಲ್ಲಿ ಸರಕು ಕಡಿಮೆ, ಬೇಡಿಕೆ ಹೆಚ್ಚು. ಇಂಥ ಸಂದರ್ಭದಲ್ಲಿ ಮಾರುಕಟ್ಟೆಯಲ್ಲಿ ಏನಾಗುವುದೆಂದು ವಾಣಿಜ್ಯೋದ್ಯಮಿಗಳಿಗೆ ಹೇಳಬೇಕಾಗಿಲ್ಲ. ಒಣದ್ರಾಕ್ಷಿ ಮತ್ತು ಸಕ್ಕರೆ ನೀರಿನಿಂದ ತಯಾರಿಸಿದ ಪಾನೀಯಗಳು ವೈನ್ ಎನಿಸಿಕೊಂಡವು. ಒಂದು ಊರಿನ ಸರಕು ಇನ್ನೊಂದು ಊರಿನ ಹೆಸರಿನಲ್ಲಿ ಮಾರಾಟವಾಯಿತು.

ಈ ಗ್ರಾಮದ ಪಾಡು ಇನ್ನೂ ವಿಚಿತ್ರ. ಇಲ್ಲಿಯ ಗಾಢವಾದ ವೈನಿನ ಬಹುಭಾಗ ಪೀಪಾಯಿಗಳಲ್ಲಿ ಬರ್ಗಂಡಿ ಪ್ರಾಂತ್ಯಕ್ಕೆ ಹೋಗಿ, ಅಲ್ಲಿಯ ತೆಳುವಾದ ವೈನಿಗೆ ಬಲ ತುಂಬಲು ಬಳಕೆಯಾಗುತ್ತಿತ್ತು. ಇತ್ತ ಬೇರೆಡೆಯ ಅಗ್ಗದ ಸರಕು ಈ ಊರಿನ ಹೆಸರನ್ನು ಹೊತ್ತು ಮಾರಾಟವಾಗುತ್ತಿತ್ತು. ಅಸಲಿ ಮಾಲು ಹೆಸರಿಲ್ಲದೆ, ನಕಲಿ ಮಾಲು ಹೆಸರಿನೊಡನೆ!

ಮೊದಲ ಕಟ್ಟುಪಾಡು ತಮಗೇ

1923ರಲ್ಲಿ ಊರಿನ ಬೆಳೆಗಾರರು ಬ್ಯಾರನ್ ಪಿಯೆರ್ ಲ ರೊವಾ ಅವರ ನೆರವು ಕೋರಿದರು. 1890ರಲ್ಲಿ ಜನಿಸಿದ ಇವರು ಕಾನೂನು ಓದಿದವರು, ಮೊದಲ ಮಹಾಯುದ್ಧದಲ್ಲಿ ವಿಮಾನ ಚಾಲಕರಾಗಿದ್ದವರು. ವಿವಾಹದಿಂದಾಗಿ ಈ ಊರಿನ ಶಾತೋ ಫೋರ್ತಿಯಾ ತೋಟಕ್ಕೆ ಬಂದವರು. ನಕಲಿ ವ್ಯಾಪಾರಿಗಳ ಮೇಲೆ ದಾವೆ ಹೂಡುವ ಮುನ್ನ ಬೆಳೆಗಾರರು ತಾವೇ ಶಿಸ್ತಿನ ಮಾದರಿಯಾಗಬೇಕೆಂಬುದು ಅವರ ಷರತ್ತು. ಅದರಂತೆ ರೂಪುಗೊಂಡ ನಿಯಮಗಳಲ್ಲಿ ಮುಖ್ಯವಾದವು ಇವು:

1. ಗಡಿ: ಲ್ಯಾವೆಂಡರ್ ಮತ್ತು ಥೈಮ್ ಎಂಬ ಸುಗಂಧ ಸಸ್ಯಗಳೆರಡೂ ಬೆಳೆಯುವಂಥ ಒಣ, ಬಡ ನೆಲ ಮಾತ್ರ ಅರ್ಹ. ಫಲವತ್ತಾದ ಭೂಮಿಗೆ ಅವಕಾಶವಿಲ್ಲ.
2. ತಳಿ: ಪಟ್ಟಿಯಲ್ಲಿರುವ ತಳಿಗಳನ್ನು ಮಾತ್ರ, ಗೊತ್ತುಪಡಿಸಿದ ರೀತಿಯಲ್ಲಿ ಸವರಿ ಬೆಳೆಸಬೇಕು.
3. ಪಕ್ವತೆ: ಮದ್ಯಾಂಶ ಕನಿಷ್ಠ ಶೇ. 12.5 ಇರಬೇಕು. ಹಣ್ಣು ಪೂರ್ಣ ಪಕ್ವವಾಗದೆ ಇದು ಸಾಧ್ಯವಿಲ್ಲ.
4. ಆಯ್ಕೆ: ಕೊಯ್ಲಿನ ವೇಳೆ ಕನಿಷ್ಠ ಶೇ. 5ರಷ್ಟು ಹಣ್ಣನ್ನು ಕಡ್ಡಾಯವಾಗಿ ಬೇರ್ಪಡಿಸಿ ಕೈಬಿಡಬೇಕು.

ಅನಂತರ ನಡೆದದ್ದು ದೀರ್ಘ ವ್ಯಾಜ್ಯ. ಒರಾಂಜ್ ನ್ಯಾಯಾಲಯವು 1929ರಲ್ಲಿ ಗಡಿಯನ್ನು ಒಪ್ಪಿತು. 1933ರಲ್ಲಿ ಸರ್ವೋಚ್ಚ ಮಟ್ಟದಲ್ಲಿ ಅದು ಸ್ಥಿರಗೊಂಡಿತು. 1935ರಲ್ಲಿ ಫ್ರಾನ್ಸ್ ಸರ್ಕಾರವು ಇಡೀ ದೇಶಕ್ಕೆ ಅನ್ವಯವಾಗುವ 'ನಿಯಂತ್ರಿತ ಮೂಲನಾಮ' ಪದ್ಧತಿಯನ್ನು ಜಾರಿಗೊಳಿಸಿತು. ಅದರ ಶಿಲ್ಪಿಗಳಲ್ಲಿ ಸೆನೆಟ್ ಸದಸ್ಯ ಜೋಸೆಫ್ ಕಾಪ್ಯು ಅವರೊಡನೆ ಲ ರೊವಾ ಅವರೂ ಒಬ್ಬರು. 1936ರ ಮೇ 15ರಂದು ಈ ಮಾನ್ಯತೆ ಪಡೆದ ಪ್ರಥಮ ತಂಡದಲ್ಲಿ ಶಾತೋನೆಫ್-ದು-ಪಾಪ್ ಇದ್ದಿತು. ಮರುವರ್ಷ ಪೋಪರ ಕಿರೀಟ ಮತ್ತು ಬೀಗದಕೈಗಳ ಉಬ್ಬುಚಿತ್ರವುಳ್ಳ ಬಾಟಲಿಯೂ ಬಂದಿತು. ಊರಿನ ನಿಯಮ ದೇಶದ ಕಾನೂನಿಗೆ ಮಾದರಿಯಾಯಿತು.

ಲೆಕ್ಕದ ದೃಷ್ಟಿಯಿಂದ

ಈ ಹೆಸರಿನ ಅಡಿಯಲ್ಲಿ ಹೆಕ್ಟೇರಿಗೆ 35 ಹೆಕ್ಟೋಲೀಟರ್, ಅಂದರೆ ಎಕರೆಗೆ ಸುಮಾರು 1,400 ಲೀಟರ್ ಮಾತ್ರ ಉತ್ಪಾದಿಸಬಹುದು. ಕೊಯ್ಲು ಕೈಯಿಂದಲೇ ಆಗಬೇಕು. ನೂರು ಕಿಲೋ ಹಣ್ಣು ಕೊಯ್ದವನು ಐದು ಕಿಲೋ ಬಿಟ್ಟುಕೊಡಬೇಕು. ಆ ವರ್ಷದ ಲಾಭ-ನಷ್ಟದ ಖಾತೆಯಲ್ಲಿ ಇವೆಲ್ಲವೂ ನಷ್ಟವೇ. ಆದರೆ ಈ ಐದು ಕಿಲೋವನ್ನು ವಿಮಾ ಕಂತಿನಂತೆ ಪರಿಗಣಿಸಬೇಕು. ಕಂತು ಕಟ್ಟುವವನು ಒಬ್ಬೊಬ್ಬ ಬೆಳೆಗಾರ. ರಕ್ಷಣೆ ಪಡೆಯುವುದು ಎಲ್ಲರ ಹೆಸರು. ಒಬ್ಬನು ಕಂತು ತಪ್ಪಿಸಿದರೆ ಅವನ ಲಾಭ ಒಂದು ವರ್ಷದ್ದು, ಹಾನಿ ಎಲ್ಲರದು. ಆದುದರಿಂದಲೇ ನಿಯಮವು ಐಚ್ಛಿಕವಾಗಿರದೆ ಕಡ್ಡಾಯವಾಯಿತು.

ನಮ್ಮ ಲೆಕ್ಕಪತ್ರ ಮಾನಕ 26 ಆಗಲಿ, ಇಂಡ್ ಎಎಸ್ 38 ಆಗಲಿ, ಸಂಸ್ಥೆಯು ತಾನಾಗಿ ಬೆಳೆಸಿಕೊಂಡ ಬ್ರ್ಯಾಂಡನ್ನು ಆಸ್ತಿಯೆಂದು ತೋರಿಸಲು ಬಿಡುವುದಿಲ್ಲ. ಊರಿನ ಹೆಸರಂತೂ ಯಾವ ಒಂದು ಸಂಸ್ಥೆಯ ಹತೋಟಿಯಲ್ಲಿಯೂ ಇಲ್ಲ. ಪುಸ್ತಕದಲ್ಲಿ ಬರದ ಆಸ್ತಿಯನ್ನು ಕಾಯಲು ಪುಸ್ತಕದ ಹೊರಗಿನ ಶಿಸ್ತೇ ಬೇಕು.

ಒಂದು ವಿನೋದದ ಪ್ರಸಂಗ

1954ರ ಶರತ್ಕಾಲದಲ್ಲಿ ಫ್ರಾನ್ಸಿನಾದ್ಯಂತ ಹಾರುವ ತಟ್ಟೆಗಳ ಸುದ್ದಿ ಹಬ್ಬಿತ್ತು. ಆಗ ಈ ಊರಿನ ಮೇಯರ್ ಗ್ರಾಮದ ಸರಹದ್ದಿನಲ್ಲಿ ಹಾರುವ ತಟ್ಟೆಗಳು ಹಾರುವುದನ್ನೂ ಇಳಿಯುವುದನ್ನೂ ನಿಷೇಧಿಸಿ, ಇಳಿದುದನ್ನು ಜಪ್ತಿ ಮಾಡತಕ್ಕದ್ದೆಂದು ಗಂಭೀರವಾಗಿ ಆದೇಶ ಹೊರಡಿಸಿದರು. ಕಾಸಿನ ಖರ್ಚಿಲ್ಲದೆ ಜಗತ್ತಿನ ಪತ್ರಿಕೆಗಳಲ್ಲಿ ಊರಿನ ಹೆಸರು ಬಂದಿತು. ಮುಂದೆ 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ರಾಂಡಲ್ ಗ್ರಾಂ ಎಂಬ ತಯಾರಕರು ಇದೇ ಬಗೆಯ ತಳಿಗಳನ್ನು ಬೆರೆಸಿ ವೈನ್ ತಯಾರಿಸಿದಾಗ ಊರಿನ ಹೆಸರನ್ನು ಬಳಸಲಿಲ್ಲ. ಆ ಆದೇಶವನ್ನು ನೆನೆದು 'ಹಾರುವ ಸಿಗಾರ್' ಎಂಬರ್ಥದ ಫ್ರೆಂಚ್ ಹೆಸರಿಟ್ಟರು. ತಳಿಯನ್ನು ಯಾರೂ ಬೆಳೆಯಬಹುದು, ಹೆಸರು ಮಾತ್ರ ನೆಲದವರದು ಎಂಬ ತತ್ವ ಈ ವಿನೋದದೊಳಗೂ ಅಡಗಿದೆ.

ನಮ್ಮ ಸದಸ್ಯರ ಗಮನಕ್ಕೆ

ಭಾರತದ ಭೌಗೋಳಿಕ ಸೂಚಕ ಕಾಯಿದೆ 1999ರದು. ಜಾರಿಗೆ ಬಂದದ್ದು 2003ರ ಸೆಪ್ಟೆಂಬರ್ 15ರಂದು. ನೋಂದಣಿಯ ಅವಧಿ ಹತ್ತು ವರ್ಷ, ಅದನ್ನು ನವೀಕರಿಸಬಹುದು. ಟ್ರೇಡ್ ಮಾರ್ಕಿನಂತೆ ಇದನ್ನು ಮಾರಲು, ಪರಭಾರೆ ಮಾಡಲು, ಅಡವಿಡಲು ಬರುವುದಿಲ್ಲ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಈ ಮಾನ್ಯತೆ ದೊರೆಯಿತು. ಗಾಢ ಕೆಂಪು ಬಣ್ಣ, ಕಡಿಮೆ ಖಾರ ಅದರ ಹೆಗ್ಗುರುತು. ಪ್ರಮಾಣಪತ್ರ ಬಂದಿತೆಂದು ಕೆಲಸ ಮುಗಿಯಲಿಲ್ಲ. ನಮ್ಮಲ್ಲಿ ಬಹುತೇಕ ಪ್ರಮಾಣಪತ್ರವು ಮೊದಲು, ಶಿಸ್ತು ಆಮೇಲೆ. ಆ ಗ್ರಾಮದಲ್ಲಿ ಶಿಸ್ತು 1923ರಲ್ಲಿ, ಪ್ರಮಾಣಪತ್ರ 1936ರಲ್ಲಿ. ಈ ಹದಿಮೂರು ವರ್ಷಗಳ ಅಂತರವೇ ಇಲ್ಲಿಯ ಪಾಠದ ಸಾರ.

ನನ್ನ ಕಕ್ಷಿದಾರರ ಪ್ರಶ್ನೆಗೆ ಈಗ ನಾನು ಕೊಡಬಲ್ಲ ಉತ್ತರವಿಷ್ಟು: ಒಬ್ಬರೇ ಚೊಕ್ಕ ಮಾಲು ಕೊಟ್ಟರೆ ಹೆಸರು ಉಳಿಯದು ಎಂಬುದು ನಿಜ. ಆದುದರಿಂದಲೇ ಹತ್ತು ಮಂದಿ ಒಟ್ಟಿಗೆ ಕುಳಿತು, ಯಾವ ಮಾಲನ್ನು ಈ ಹೆಸರಿನಲ್ಲಿ ಮಾರಬಾರದು ಎಂದು ಮೊದಲು ತೀರ್ಮಾನಿಸಬೇಕು. ಹಾಗೆ ಕುಳಿತುಕೊಳ್ಳಲು ವಾಣಿಜ್ಯ ಸಂಸ್ಥೆಯ ಸಭಾಂಗಣಕ್ಕಿಂತ ಯೋಗ್ಯವಾದ ಜಾಗ ಇನ್ನೊಂದಿಲ್ಲ. ಬೇರೆಯವರು ನಮ್ಮ ಹೆಸರನ್ನು ಕದಿಯುವುದನ್ನು ಕಾನೂನು ತಡೆದೀತು. ನಾವೇ ಅದನ್ನು ಸವೆಸುವುದನ್ನು ನಾವಲ್ಲದೆ ಬೇರಾರೂ ತಡೆಯಲಾರರು.