ಹಿಂಗ್ವಾಷ್ಟಕ ಊಟದ ಕೊನೆಗಲ್ಲ, ಮೊದಲ ತುತ್ತಿಗೆ

ಮದುವೆ ಸೀಸನ್ ಬಂತೆಂದರೆ ಆಯುರ್ವೇದ ಅಂಗಡಿಗಳಲ್ಲಿ ಹಿಂಗ್ವಾಷ್ಟಕ ಚೂರ್ಣದ ಡಬ್ಬಿಗೆ ಬೇಡಿಕೆ ಏರುತ್ತದೆ. ಕೊಳ್ಳುವವರು ಅದನ್ನು ಬಳಸುವ ರೀತಿ ಮಾತ್ರ ವಿಚಿತ್ರ. ಬಡಿಸುವವರ ಒತ್ತಾಯಕ್ಕೆ ಇನ್ನೊಂದು ಹೋಳಿಗೆ ಹಾಕಿಸಿಕೊಂಡು, ಮನೆಗೆ ಬಂದು ಹೊಟ್ಟೆ ಕಲ್ಲಾದ ಮೇಲೆ ಒಂದು ಚಮಚ ಪುಡಿಯನ್ನು ಬಾಯಿಗೆ ಸುರಿದುಕೊಂಡು ನೀರು ಕುಡಿಯುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ಎದೆಯುರಿ. ‘ಆಯುರ್ವೇದದ ಔಷಧ ಉಷ್ಣ, ನಮಗೆ ಆಗಿಬರುವುದಿಲ್ಲ’ ಎಂದು ಡಬ್ಬಿ ಕಪಾಟು ಸೇರುತ್ತದೆ.

ಜಠರಾಗ್ನಿ ಮಂದವಾದಾಗ ತಿಂದದ್ದು ಅರೆಬೆಂದು ‘ಆಮ’ವಾಗಿ ಉಳಿಯುತ್ತದೆ ಎನ್ನುವುದು ಆಯುರ್ವೇದದ ವಿವರಣೆ. ಇಲ್ಲಿ ಇಷ್ಟು ಗೊತ್ತಿದ್ದರೆ ಸಾಕು. ಮುಖ್ಯವಾದದ್ದು, ಅಜೀರ್ಣದಲ್ಲಿ ಹಲವು ಬಗೆ ಇವೆ, ಎಲ್ಲಕ್ಕೂ ಒಂದೇ ಕಷಾಯ ಸಲ್ಲದು.

ಮೊದಲು ತೇಗನ್ನು ಗಮನಿಸಿ

ಉಂಡು ಗಂಟೆಗಳಾದರೂ ತಿಂದದ್ದರ ವಾಸನೆಯೇ ತೇಗಿನಲ್ಲಿ ಬರುತ್ತಿದೆ, ಮೈಭಾರ, ವಾಕರಿಕೆ ಇದೆ ಎಂದರೆ ಅದು ಆಮಾಜೀರ್ಣ. ಹುಳಿತೇಗು, ಎದೆಯುರಿ, ಬಾಯಾರಿಕೆ ಇದ್ದರೆ ಪಿತ್ತ ಕೆರಳಿದ ವಿದಗ್ಧಾಜೀರ್ಣ. ಹೊಟ್ಟೆಯುಬ್ಬರ, ಹಿಡಿದು ಹಿಂಡಿದಂತಹ ನೋವು, ವಾಯು ಹೊರಹೋಗದೆ ಚಡಪಡಿಕೆ ಇದ್ದರೆ ವಿಷ್ಟಬ್ಧಾಜೀರ್ಣ. ಶುಂಠಿ, ಮೆಣಸು, ಇಂಗು ಮೊದಲನೆಯದಕ್ಕೂ ಮೂರನೆಯದಕ್ಕೂ ಸರಿ. ಎರಡನೆಯದಕ್ಕೆ ಕೊಟ್ಟರೆ ಉರಿ ಇನ್ನಷ್ಟು ಏರುತ್ತದೆ. ‘ಗ್ಯಾಸ್ಟ್ರಿಕ್’ ಎಂಬ ಒಂದೇ ಹೆಸರಿಟ್ಟು ಎಲ್ಲರಿಗೂ ಮೆಣಸಿನ ಕಷಾಯ ಕುಡಿಸುವುದನ್ನು ದಯವಿಟ್ಟು ನಿಲ್ಲಿಸಿ.

ಎರಡನೆಯ ಹೆಜ್ಜೆ ಲಂಘನ, ಅಂದರೆ ಒಂದು ಹೊತ್ತಿನ ಊಟ ಬಿಡುವುದು. ಖರ್ಚಿಲ್ಲದ ಔಷಧವಾದ್ದರಿಂದಲೋ ಏನೋ, ಇದನ್ನು ಯಾರೂ ಮಾಡುವುದಿಲ್ಲ. ‘ಖಾಲಿ ಹೊಟ್ಟೆಯಲ್ಲಿದ್ದರೆ ಗ್ಯಾಸ್ ಆಗುತ್ತದೆ’ ಎಂದು ಎರಡು ಬಿಸ್ಕತ್ತು, ಒಂದು ಕಾಫಿ. ಹಸಿವಾಗುವವರೆಗೆ ಬಿಸಿನೀರು ಮಾತ್ರ ಗುಟುಕು ಗುಟುಕಾಗಿ ಕುಡಿಯಿರಿ. ಬೇಕಿದ್ದರೆ ಒಂದು ಲೀಟರ್ ನೀರಿಗೆ ಒಂದು ಚಮಚ ಜೀರಿಗೆ ಹಾಕಿ ಕುದಿಸಿಕೊಳ್ಳಿ. ಉಬ್ಬರವಿದ್ದವರು ಹೊಟ್ಟೆಗೆ ಬಿಸಿನೀರಿನ ಚೀಲದ ಶಾಖ ಕೊಡಬಹುದು. ಆದರೆ ಹೊಕ್ಕುಳ ಸುತ್ತ ಶುರುವಾದ ನೋವು ಬಲಗಡೆಯ ಕೆಳಹೊಟ್ಟೆಗೆ ಸರಿಯುತ್ತಿದ್ದರೆ ಶಾಖ ಕೊಡುತ್ತ ಕೂರಬೇಡಿ, ಅಪೆಂಡಿಕ್ಸ್ ಇರಬಹುದು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು, ಮಕ್ಕಳು ಉಪವಾಸ ಮಾಡಬಾರದು. ಅವರಿಗೆ ತೆಳು ಗಂಜಿಯೇ ಲಂಘನ.

ಚೂರ್ಣ ಯಾವಾಗ, ಹೇಗೆ

ಹಸಿವು ಮರಳಿದ ಮೇಲೆ ಚೂರ್ಣದ ಸರದಿ. ಶುಂಠಿ, ಕಾಳುಮೆಣಸು, ಹಿಪ್ಪಲಿ, ಓಮ, ಜೀರಿಗೆ, ಕರಿಜೀರಿಗೆ, ಸೈಂಧವ ಲವಣ, ಇಂಗು: ಈ ಎಂಟೂ ಸೇರಿದ್ದೇ ಹಿಂಗ್ವಾಷ್ಟಕ. ವಾಗ್ಭಟನ ಅಷ್ಟಾಂಗಹೃದಯದಲ್ಲೇ ಇದರ ಪಾಠವಿದೆ, ಸೇವಿಸುವ ಕ್ರಮವನ್ನೂ ಅಲ್ಲೇ ಹೇಳಿದೆ: ತುಪ್ಪದೊಂದಿಗೆ, ಊಟದ ಮೊದಲ ತುತ್ತಿನಲ್ಲಿ. ಈಗಿನ ಡಬ್ಬಿಗಳ ಮೇಲೆ ‘ನೀರಿನೊಂದಿಗೆ’ ಎಂದು ಅಚ್ಚಾಗಿರುವುದನ್ನೂ ಕಂಡಿದ್ದೇನೆ. ತುಪ್ಪ ಬಿಟ್ಟರೆ ಈ ಔಷಧದ ಅರ್ಧ ಬಲ ಹೋದಂತೆ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಮಾಡಬೇಕಾದದ್ದು ಇಷ್ಟು. ತಟ್ಟೆಗೆ ಬಿಸಿ ಅನ್ನ ಬಡಿಸಿಕೊಳ್ಳಿ. ಒಂದು ತುತ್ತಿನಷ್ಟು ಅನ್ನವನ್ನು ಬದಿಗೆ ಸರಿಸಿ, ಕಾಲು ಚಮಚ ಚೂರ್ಣ ಉದುರಿಸಿ, ಅದರ ಮೇಲೆ ಕರಗಿದ ತುಪ್ಪ ಒಂದು ಚಮಚ ಹಾಕಿ. ಬೆರಳ ತುದಿಯಲ್ಲಿ ಚೆನ್ನಾಗಿ ಕಲಸಿ. ಒಣಪುಡಿ ಎಲ್ಲಿಯೂ ಕಾಣಬಾರದು, ಅನ್ನದ ಅಗುಳಿಗೆಲ್ಲ ತುಪ್ಪದ ಹೊಳಪು ಬಂದಿರಬೇಕು. ಆ ತುತ್ತನ್ನು ಅಗಿದು ನುಂಗಿ, ಆಮೇಲೆ ಸಾರಿಗೆ ಕೈ ಹಾಕಿ. ತುಪ್ಪವಿದ್ದರೆ ಮೆಣಸು, ಹಿಪ್ಪಲಿಯ ಖಾರ ಹೊಟ್ಟೆಯನ್ನು ಸುಡುವುದಿಲ್ಲ. ಊಟಕ್ಕೆ ಮುಂಚೆಯೇ ಅಗ್ನಿಯನ್ನು ಎಬ್ಬಿಸುವುದು ಇದರ ಕೆಲಸ, ಉಂಡದ್ದನ್ನು ಕೆಳಗೆ ತಳ್ಳುವುದಲ್ಲ. ಮಧ್ಯಾಹ್ನ, ರಾತ್ರಿ ಎರಡು ಹೊತ್ತು, ಮೂರು ನಾಲ್ಕು ದಿನ ಸಾಕು. ತಿಂಗಳುಗಟ್ಟಲೆ ನುಂಗುವ ಪುಡಿಯಲ್ಲ ಇದು. ಉಪ್ಪು ಇರುವುದರಿಂದ ರಕ್ತದೊತ್ತಡದವರಿಗೂ, ಹೊಟ್ಟೆಹುಣ್ಣು ಇರುವವರಿಗೂ, ಗರ್ಭಿಣಿಯರಿಗೂ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೂ ವೈದ್ಯರನ್ನು ಕೇಳದೆ ಬೇಡ.

ಮನೆಯಲ್ಲೇ ಮಾಡಿಕೊಳ್ಳುವವರು ಗ್ರಂಧಿಗೆ ಅಂಗಡಿಯಿಂದ ಗಟ್ಟಿ ಇಂಗು ತಂದು ತುಪ್ಪದಲ್ಲಿ ಅರಳಿಸಿಯೇ ಹಾಕಬೇಕು. ಅಡುಗೆಯ ಪುಡಿ ಇಂಗಿನಲ್ಲಿ ಹಿಟ್ಟು, ಗೋಂದು ಬೆರೆತಿರುವುದೇ ಹೆಚ್ಚು.

ಉರಿಯ ಬಗೆಗೆ ದಾರಿಯೇ ಬೇರೆ. ಎರಡು ಚಮಚ ಕೊತ್ತಂಬರಿ ಬೀಜ ಜಜ್ಜಿ, ಒಂದು ಲೋಟ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಸೋಸಿ ಸ್ವಲ್ಪ ಕಲ್ಲುಸಕ್ಕರೆ ಬೆರೆಸಿ ಕುಡಿಯಿರಿ. ಕುದಿಸುವುದು ಬೇಡ. ಕಾಫಿ, ಉಪ್ಪಿನಕಾಯಿ, ಹುಳಿಬಂದ ದೋಸೆ ಹಿಟ್ಟು ಕೆಲವು ದಿನ ದೂರವಿರಲಿ.

ಊಟಕ್ಕೆ ಮರಳುವಾಗ ಆತುರ ಬೇಡ. ಒಂದು ಪಾಲು ಅಕ್ಕಿಗೆ ಹದಿನಾಲ್ಕು ಪಾಲು ನೀರು ಹಾಕಿ ಬೇಯಿಸಿ, ಮೊದಲ ಹೊತ್ತು ಬರೀ ಗಂಜಿ ತಿಳಿ. ಮುಂದಿನ ಹೊತ್ತು ಅಗುಳೂ ಇರಲಿ. ಮೂರನೆಯ ಹೊತ್ತಿಗೆ ಮೆತ್ತಗೆ ಬೇಯಿಸಿದ ಅನ್ನ, ಹೆಸರುಬೇಳೆ ತೊವ್ವೆ. ತೊಗರಿ, ಕಡಲೆ, ಆಲೂಗಡ್ಡೆ ಆಮೇಲೆ ನೋಡೋಣ. ಕಡೆದು ಬೆಣ್ಣೆ ತೆಗೆದ, ಹುಳಿಯಿಲ್ಲದ ಮಜ್ಜಿಗೆ ಒಳ್ಳೆಯದು. ಗಟ್ಟಿ ಮೊಸರು ಬೇಡ, ರಾತ್ರಿಯಂತೂ ಬೇಡವೇ ಬೇಡ. ‘ಹೊಟ್ಟೆ ಕ್ಲೀನ್’ ಮಾಡುವ ಪುಡಿಗಳ ಮೋಹವನ್ನೂ ಬಿಡಿ. ಅವುಗಳಲ್ಲಿ ಅನೇಕವು ಸೋನಾಮುಖಿಯವು, ದಿನಾ ನುಂಗಿದರೆ ಕರುಳಿಗೆ ಅದೇ ರೂಢಿಯಾಗುತ್ತದೆ.

ಭೇದಿಯಾದರೆ ಮೊದಲು ನೀರು, ಲವಣ ತುಂಬಿಕೊಳ್ಳಬೇಕು. ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ. ಜೊತೆಗೆ ಮಲೆನಾಡಿನವರ ದಾಳಿಂಬೆ ಸಿಪ್ಪೆಯ ತಂಬುಳಿ ಇರಲಿ. ಮಲದಲ್ಲಿ ರಕ್ತ, ಕಪ್ಪು ಮಲ, ಜ್ವರ, ನಿಲ್ಲದ ವಾಂತಿ, ತಾನಾಗಿ ತೂಕ ಇಳಿಯುವುದು ಇವುಗಳಲ್ಲಿ ಯಾವುದಿದ್ದರೂ ಮನೆಮದ್ದು ನಿಲ್ಲಿಸಿ ವೈದ್ಯರ ಬಳಿ ಹೋಗಿ. ಎದೆ ಹಿಂಡಿದಂತಾಗಿ ಬೆವರುತ್ತಿದ್ದರೆ, ನೋವು ಎಡಗೈಗೋ ದವಡೆಗೋ ಹರಿಯುತ್ತಿದ್ದರೆ ಅದನ್ನು ಗ್ಯಾಸ್ ಎಂದು ನೀವೇ ತೀರ್ಮಾನಿಸಬೇಡಿ. ಕಷಾಯ ಕುದಿಸುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ.