ತೊಟ್ಟಿಲ ಪಕ್ಕದ ಕೂಸು

ವಾರ್ಷಿಕ ಸಂಚಿಕೆಗೆ ಲೇಖನ ಕೊಡಿರೆಂದು ನಮ್ಮ ಪ್ರಾಧ್ಯಾಪಕರು ಹೇಳಿದಾಗ ಸಹಪಾಠಿಗಳಲ್ಲಿ ಒಬ್ಬರು ಕನಕದಾಸರನ್ನು, ಮತ್ತೊಬ್ಬರು ಸರ್ವಜ್ಞನನ್ನು ಆರಿಸಿಕೊಂಡರು. ಹಾವೇರಿ ಜಿಲ್ಲೆಯಲ್ಲಿ ಹುಟ್ಟಿದ ಮೇಲೆ ಆ ಇಬ್ಬರನ್ನು ಬಿಟ್ಟು ಬರೆಯುವುದು ಕಷ್ಟವೇ ಸರಿ. ನಾನು ತೊಟ್ಟಿಲನ್ನು ಆರಿಸಿಕೊಂಡೆನೆಂದಾಗ ವರ್ಗದಲ್ಲಿ ನಗೆ ಎದ್ದಿತು. ನಗುವವರು ನಗಲಿ. ಕುಟುಂಬವೆಂಬುದು ಸಮಾಜದ ಮೂಲ ಘಟಕವೆಂದು ನಾವೆಲ್ಲ ಪಾಠದಲ್ಲಿ ಬರೆದುಕೊಳ್ಳುತ್ತೇವೆ. ಆ ಘಟಕದೊಳಗೆ ಒಂದು ಹಸುಗೂಸು ಬಂದು ಸೇರಿದಾಗ, ಮೊದಲೇ ಅಲ್ಲಿದ್ದ ಮೂರು ನಾಲ್ಕು ವರ್ಷದ ಮಗುವಿನ ಗತಿ ಏನಾಗುತ್ತದೆಂಬುದು ಮಾತ್ರ ನನ್ನ ಯಾವ ಟಿಪ್ಪಣಿಯಲ್ಲಿಯೂ ಇಲ್ಲ. ಕಳೆದ ಚಳಿಗಾಲದಲ್ಲಿ ಅದನ್ನು ನಮ್ಮ ಮನೆಯಲ್ಲಿಯೇ ಕಾಣುವ ಪ್ರಸಂಗ ಒದಗಿತು.

ನಮ್ಮ ಮನೆ ಬ್ಯಾಡಗಿಯಲ್ಲಿ, ನಾನು ಓದುವುದು ಹಾವೇರಿಯಲ್ಲಿ, ಅಕ್ಕನನ್ನು ಕೊಟ್ಟಿರುವುದು ರಾಣೇಬೆನ್ನೂರಿಗೆ. ಮೂರೂ ಊರು ಒಂದೇ ರೈಲುಹಾದಿಯ ಮೇಲಿವೆ. ಚೊಚ್ಚಲ ಹೆರಿಗೆ ತವರಿನಲ್ಲಿಯೇ ಆಗಬೇಕೆಂಬುದು ನಮ್ಮ ಕಡೆಯ ರೂಢಿ; ಎರಡನೆಯದಕ್ಕೆ ಅಷ್ಟು ಕಡ್ಡಾಯವಿಲ್ಲ. ಆದರೆ ಅಕ್ಕನ ಅತ್ತೆ ತೀರಿಕೊಂಡಿದ್ದರು. ಭಾವ ಬಟ್ಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವರು, ಮುಂಜಾನೆ ಹೋದರೆ ಬರುವುದು ರಾತ್ರಿಗೆ. ಬಾಣಂತನ ಮಾಡುವ ಹೆಣ್ಣುಮಕ್ಕಳು ಆ ಮನೆಯಲ್ಲಿ ಯಾರೂ ಇಲ್ಲವಾದ್ದರಿಂದ, ಅಕ್ಕ ತನ್ನ ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದಳು. ಹೆರಿಗೆ ಆಸ್ಪತ್ರೆಯಲ್ಲಿ ಸುಸೂತ್ರವಾಗಿ ಆಯಿತು. ಗಂಡು ಕೂಸು. ಮೂರನೆಯ ದಿನ ತಾಯಿ ಮಕ್ಕಳು ಮನೆಗೆ ಬಂದರು.

ಬಾಣಂತನವೆಂಬುದು ಎಷ್ಟು ದೊಡ್ಡ ಏರ್ಪಾಡೆಂಬುದನ್ನು ಗಂಡಸರು ತಿಳಿದಿರುವುದಿಲ್ಲ. ಆ ಕೋಣೆಯೊಳಗೆ ನಮಗೆ ಪ್ರವೇಶವಿಲ್ಲವಾದ್ದರಿಂದ ನಾನು ಬರೆಯುವುದರಲ್ಲಿ ಅರ್ಧ ಕಂಡದ್ದು, ಅರ್ಧ ಅವ್ವನಿಂದ ಕೇಳಿದ್ದು. ಮುಂಜಾನೆ ನಾಲ್ಕೂವರೆಗೆ ಒಲೆಯ ಮೇಲೆ ಹಂಡೆ ನೀರು ಏರಬೇಕು. ತಾಯಿಗೂ ಕೂಸಿಗೂ ಎಣ್ಣೆ ಹಚ್ಚಿ ತಿಕ್ಕಬೇಕು. ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡು ಎರೆಯುವುದು ಒಂದು ವಿದ್ಯೆ. ಅದನ್ನು ಬಲ್ಲ ಮುದುಕಿಯರು ಓಣಿಗೆ ಒಬ್ಬರೋ ಇಬ್ಬರೋ ಉಳಿದಿದ್ದಾರೆ. ಎರೆದ ಮೇಲೆ ಲೋಬಾನದ ಹೊಗೆ, ಕುಂಚಿಗೆ, ಹಳೆಯ ಸೀರೆಗಳ ಕೌದಿ. ಬಾಣಂತಿಯ ತಲೆಗೆ ಬಟ್ಟೆ, ಕಿವಿಗೆ ಹತ್ತಿ. ಊಟಕ್ಕೆ ಬಿಸಿ ರೊಟ್ಟಿ, ತುಪ್ಪ, ಬೆಳ್ಳುಳ್ಳಿ. ನಡುವೆ ಅಳವಿಯ ಪಾಯಸ ಹಾಗೂ ಕೊಬ್ಬರಿ ಉತ್ತತ್ತಿ ಹಾಕಿದ ಅಂಟಿನುಂಡಿ. ಐದನೆಯ ದಿನ ಸೆಟಿಗೆವ್ವನ ಪೂಜೆ. ಆ ರಾತ್ರಿ ಆಕೆ ಬಂದು ಕೂಸಿನ ಹಣೆಬರಹ ಬರೆಯುವಳೆಂಬ ನಂಬಿಗೆ. ಆಮೇಲೆ ತೊಟ್ಟಿಲಿಗೆ ಹಾಕುವ ಸಂಭ್ರಮ, ಸೋದರತ್ತೆ ಕಿವಿಯಲ್ಲಿ ಹೆಸರು ಹೇಳುವುದು.

ಇವುಗಳಲ್ಲಿ ಕೆಲವನ್ನು ವೈದ್ಯರು ಒಪ್ಪುವುದಿಲ್ಲ. ಬಜೆ, ಜಾಯಿಕಾಯಿ ತೇಯ್ದು ಕೂಸಿನ ಬಾಯಿಗೆ ಹಚ್ಚುವುದು ಬೇಡ, ಹುಟ್ಟಿದ ಒಂದು ತಾಸಿನೊಳಗೆ ಎದೆಹಾಲು, ಆರು ತಿಂಗಳವರೆಗೆ ಎದೆಹಾಲಿನ ಹೊರತು ನೀರೂ ಬೇಡ ಎಂಬುದು ಈಗ ಸರ್ವಸಮ್ಮತ. ಮುಚ್ಚಿದ ಕೋಣೆಯಲ್ಲಿ ಹೊರಸಿನ ಕೆಳಗೆ ಇದ್ದಿಲ ಕೆಂಡ ಇಡುವುದಂತೂ ಪ್ರಾಣಾಪಾಯ. ಅದರ ವಿಷಗಾಳಿಗೆ ವಾಸನೆಯೇ ಇಲ್ಲ. ಆಸ್ಪತ್ರೆಯ ನರ್ಸಬಾಯಿ ಗದರಿಸಿ ಹೇಳಿದ್ದರಿಂದ ಅವ್ವ ಕೆಂಡವನ್ನು ಬಿಟ್ಟಳು, ಲೋಬಾನವನ್ನು ಬಿಡಲಿಲ್ಲ. ಆದರೆ ನನ್ನ ವಿಷಯ ಅದಲ್ಲ. ಇಷ್ಟೊಂದು ಏರ್ಪಾಡಿನಲ್ಲಿ ತಾಯಿಗೆ ಸ್ಥಾನವಿದೆ, ಕೂಸಿಗೆ ಸ್ಥಾನವಿದೆ, ಸೋದರತ್ತೆಗೂ ಸೆಟಿಗೆವ್ವನಿಗೂ ಸ್ಥಾನವಿದೆ. ಬಾಗಿಲ ಹೊರಗೆ ನಿಂತಿದ್ದ ನಾಲ್ಕು ವರ್ಷದ ಹುಡುಗಿಗೆ ಯಾವ ಸ್ಥಾನವೂ ಇರಲಿಲ್ಲ.

ಬ್ಯಾಡಗಿಯಲ್ಲಿ ಅದು ಮೆಣಸಿನಕಾಯಿಯ ಸುಗ್ಗಿ. ಪೇಟೆಗೆ ಆವಕ ಬಂದ ದಿನ ಗಾಳಿಯಲ್ಲಿಯೇ ಘಾಟು ಇರುತ್ತದೆ. ಊರಿಗೆ ಹೊಸಬರಾದವರು ಬಸ್ಸಿನಿಂದ ಇಳಿಯುತ್ತಲೇ ಸೀನುತ್ತಾರೆ. ಕೂಸಿಗೆ ಘಾಟು ತಾಗಬಾರದೆಂದು ಕೋಣೆಯ ಬಾಗಿಲು ಕಿಟಕಿ ಮುಚ್ಚಿದ್ದೆವು. ಹುಡುಗಿಗೆ ನೆಗಡಿ ಇದ್ದುದರಿಂದ ಅವಳನ್ನು ಒಳಗೆ ಬಿಡಲಿಲ್ಲ. ಅದು ತಪ್ಪಲ್ಲ. ತಪ್ಪಾದದ್ದೆಂದರೆ, ನೆಗಡಿ ಹೋದ ಮೇಲೂ ಬಾಗಿಲು ತೆರೆಯುವುದನ್ನು ನಾವು ಮರೆತದ್ದು. ಅಲ್ಲಿಯವರೆಗೆ ಅವಳು ಉಂಡದ್ದು ತಾಯಿಯ ತಾಟಿನಲ್ಲಿ, ಮಲಗಿದ್ದು ತಾಯಿಯ ಮಗ್ಗುಲಲ್ಲಿ. ಈಗ ಅಡುಗೆಮನೆಯಲ್ಲಿ ಅವಳದೇ ಒಂದು ತಾಟು ಇಟ್ಟು, “ನೀ ಈಗ ದೊಡ್ಡಾಕಿ ಆದಿ, ಉಣ್ಣು” ಎಂದರೆ ಅವಳು ತಾನೆ ಹೇಗೆ ಉಂಡಾಳು?

ಎಂಟನೆಯ ದಿನ ಅವಳು ನನ್ನ ಅಂಗಿ ಜಗ್ಗಿ, “ಮಾಮಾ, ಈ ಕೂಸನ್ನ ದವಾಖಾನಿಗೆ ಹೊಳ್ಳಿ ಕೊಟ್ಟು ಬರೂಣು ನಡಿ” ಎಂದಳು. ನಾನು ನಕ್ಕೆ. ಮನೆಯವರೆಲ್ಲ ನಕ್ಕರು. ಬಂದುಹೋದ ಬೀಗರಿಗೆಲ್ಲ ಆ ಮಾತನ್ನು ಹೇಳಿ ನಗಿಸಿದೆವು. ಬಂದ ಹೆಣ್ಣುಮಕ್ಕಳೋ, “ನಿಮ್ಮವ್ವ ಈಗ ತಮ್ಮನ ಅವ್ವ ಆದ್ಲು, ನೀ ಯಾರ ಮಗಳು?” ಎಂದು ಚೇಷ್ಟೆ ಮಾಡಿದರು. ಚೇಷ್ಟೆ ಪ್ರೀತಿಯದೇ. ನಾಲ್ಕು ವರ್ಷದ ಮಗುವಿಗೆ ಅದು ಚೇಷ್ಟೆಯೆಂದು ತಿಳಿಯುವ ಬಗೆ ಹೇಗೆ? ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟು ವರ್ಷವಾಗಿದ್ದವಳು ಮತ್ತೆ ಮಾಡತೊಡಗಿದಳು. ಮುದ್ದಾಗಿ ಮಾತಾಡುತ್ತಿದ್ದವಳು ತೊದಲತೊಡಗಿದಳು. ಹಟ ಎಂದು ಅವ್ವ ಒಂದು ದಿನ ಹೊಡೆದಳು.

ಮೊದಲು ಎಚ್ಚರಗೊಂಡವಳು ಎಂಬತ್ತು ದಾಟಿದ ನಮ್ಮ ಅಜ್ಜಿ. ಅವಳಿಗೆ ಕಣ್ಣು ಮಂಜು. ಹುಡುಗಿಯ ಕೈ ಸವರಿ, “ಬಳಿ ಮೊಣಕೈತನಕ ಸರಿತಾವಲ್ಲೋ, ಈ ಹುಡುಗಿ ಏನ್ ಉಣ್ಣತೈತಿ ನೋಡೀರೇನು?” ಎಂದಳು. ಯಾರೂ ನೋಡಿರಲಿಲ್ಲ. ಮರುದಿನ ಓಣಿಯ ಅಂಗನವಾಡಿಗೆ ನಾನೇ ಕರೆದೊಯ್ದೆ. ಅಲ್ಲಿಯ ಕಾರ್ಯಕರ್ತೆ ತೂಗಿ ನೋಡಿದರು: 13 ಕಿಲೋ 200 ಗ್ರಾಂ. ಅಕ್ಕನ ಚೀಲದಲ್ಲಿದ್ದ ರಾಣೇಬೆನ್ನೂರಿನ ಕಾರ್ಡಿನಲ್ಲಿ ಎರಡು ತಿಂಗಳ ಹಿಂದಿನ ತೂಕ 14 ಕಿಲೋ 400 ಗ್ರಾಂ ಎಂದಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ತಖ್ತೆಯ ಪ್ರಕಾರ ನಾಲ್ಕು ವರ್ಷ ತುಂಬಿದ ಹೆಣ್ಣುಮಗುವಿನ ನಡುಮಟ್ಟದ ತೂಕ ಸುಮಾರು 16 ಕಿಲೋ. 12 ಕಿಲೋ 300 ಗ್ರಾಮಿಗಿಂತ ಕೆಳಗಿಳಿದರೆ ತೂಕ ಕಡಿಮೆಯ ಮಗುವೆಂದು ಎಣಿಸುತ್ತಾರೆ. ನಮ್ಮ ಹುಡುಗಿ ಗೆರೆ ದಾಟಿರಲಿಲ್ಲ, ಗೆರೆಯ ಕಡೆಗೆ ನಡೆದಿದ್ದಳು. ಬೆಳೆಯುವ ಮಗುವಿನಲ್ಲಿ ಒಂದು ಸಲದ ತೂಕಕ್ಕಿಂತ ತೂಕ ಯಾವ ಕಡೆಗೆ ಸಾಗಿದೆಯೆಂಬುದೇ ಮುಖ್ಯವೆಂದು ಆ ಬಾಯಿ ಹೇಳಿದ ಮಾತು ನನಗೆ ನಾಟಿತು.

ಅಂದಿನಿಂದ ಈ ವಿಷಯದ ಪುಸ್ತಕಗಳನ್ನು ಹುಡುಕತೊಡಗಿದೆ. ನಮ್ಮ ಪ್ರಾಚೀನ ವೈದ್ಯರು ಇದನ್ನು ಕಾಣದೆ ಬಿಟ್ಟಿರಲಿಲ್ಲ. ‘ಮಾಧವನಿದಾನ’ವೆಂಬ ಆಯುರ್ವೇದ ಗ್ರಂಥದ ಬಾಲರೋಗಗಳಲ್ಲಿ ‘ಪಾರಿಗರ್ಭಿಕ’ವೆಂಬುದೊಂದಿದೆ. ಮತ್ತೆ ಗರ್ಭಿಣಿಯಾದ ತಾಯಿಯ ಹಾಲನ್ನು ಕುಡಿಯುತ್ತಿರುವ ಮಗುವಿಗೆ ಕೆಮ್ಮು, ಅಗ್ನಿಮಾಂದ್ಯ, ಅರುಚಿ, ಕೃಶತೆ, ಹೊಟ್ಟೆಯುಬ್ಬರಗಳು ಬರುತ್ತವೆಂದು ಅಲ್ಲಿ ಹೇಳಿದೆ. ಗರ್ಭಿಣಿಯ ಹಾಲು ಕೆಡುತ್ತದೆಂಬುದನ್ನು ಇಂದಿನ ವೈದ್ಯರು ಒಪ್ಪರು. ಆದರೆ ಒಂದರ ಬೆನ್ನಿಗೆ ಇನ್ನೊಂದು ಬಂದಾಗ ಹಿಂದಿನದು ಸೊರಗುತ್ತದೆಂಬ ಅವರ ಅವಲೋಕನ ಸುಳ್ಳಲ್ಲ.

ಇದೇ ಸಂಗತಿ ಸಾವಿರಾರು ಮೈಲಿಗಳಾಚೆ ಆಫ್ರಿಕದಲ್ಲಿಯೂ ಕಂಡುಬಂದಿತು. ಇಂದು ಘಾನಾ ಎನಿಸಿರುವ ಗೋಲ್ಡ್ ಕೋಸ್ಟಿನಲ್ಲಿ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಕೈಕಾಲು ಬಾತ, ಕೂದಲು ಕೆಂಚಾದ, ಚರ್ಮ ಸುಲಿದ ಮಕ್ಕಳನ್ನು ಕಂಡಳು. ಹೆಚ್ಚಿನವು ಒಂದರಿಂದ ನಾಲ್ಕು ವರ್ಷದವು. ಅಲ್ಲಿಯ ಗಾ ಭಾಷೆಯ ತಾಯಂದಿರು ಆ ರೋಗಕ್ಕೆ ‘ಕ್ವಾಶಿಯೋರ್ಕರ್’ ಎನ್ನುತ್ತಿದ್ದರು. ಮುಂದಿನ ಕೂಸು ಹುಟ್ಟಿದಾಗ, ಪಟ್ಟದಿಂದಿಳಿದ ಮಗುವಿಗೆ ಬರುವ ಬೇನೆ ಎಂದು ಅದರ ಅರ್ಥ. ಆಕೆ 1935ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಆ ಹೆಸರಿನಿಂದಲೇ ರೋಗವನ್ನು ವರ್ಣಿಸಿದಳು. ಇಂದಿಗೂ ವೈದ್ಯಶಾಸ್ತ್ರದಲ್ಲಿ ಅದೇ ಹೆಸರು. ಎದೆಹಾಲು ಬಿಡಿಸಿ ಬರಿಯ ಗಂಜಿಯ ಮೇಲೆ ಇಟ್ಟ ಮಗು ಅದು. ಒಂದು ಹೆರಿಗೆಯ ತರುವಾಯ ಕನಿಷ್ಠ 24 ತಿಂಗಳು ಕಳೆದ ಮೇಲೆಯೇ ಮುಂದಿನ ಗರ್ಭ ನಿಲ್ಲುವುದು ಲೇಸೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದರ ಹಿಂದೆ ತಾಯಿಯ ಆರೋಗ್ಯದ ಜೊತೆಗೆ ಈ ಮಕ್ಕಳೂ ಇದ್ದಾರೆ.

ನಮ್ಮ ಹುಡುಗಿಗೆ ಆ ಬೇನೆ ಇರಲಿಲ್ಲ. ಅವಳು ಎದೆಹಾಲು ಬಿಟ್ಟು ಬಹಳ ದಿನವಾಗಿತ್ತು, ಮನೆಯಲ್ಲಿ ಅನ್ನಕ್ಕೆ ಕೊರತೆಯಿಲ್ಲ. ಆದರೂ ಆ ಗಾ ಭಾಷೆಯ ಮಾತು ನನ್ನನ್ನು ಬಿಡದೆ ಕಾಡಿತು. ಪಟ್ಟದಿಂದಿಳಿದವಳು ಅವಳೇ ಅಲ್ಲವೆ? ಅನ್ನವಿದ್ದ ಮನೆಯಲ್ಲಿಯೂ ಉಣಿಸುವ ಕೈ ಬೇರೆ ಕಡೆಗೆ ಹೋದರೆ ಮಗು ಸೊರಗುತ್ತದೆ.

ಮನಶ್ಶಾಸ್ತ್ರದ ಕಡೆಯಿಂದ ಇದನ್ನು ಅಭ್ಯಸಿಸಿದವರಲ್ಲಿ ಇಂಗ್ಲೆಂಡಿನ ಜೂಡಿ ಡನ್ ಹಾಗೂ ಕ್ಯಾರೊಲ್ ಕೆಂಡ್ರಿಕ್ ಪ್ರಮುಖರು. ಕೇಂಬ್ರಿಜ್ ಸೀಮೆಯ 40 ಕುಟುಂಬಗಳಲ್ಲಿ ಎರಡನೆಯ ಕೂಸು ಹುಟ್ಟುವ ಮೊದಲೂ ಹುಟ್ಟಿದ ಮೇಲೂ ಮನೆಗೇ ಹೋಗಿ ಕುಳಿತು ನೋಡಿದರು. 1982ರಲ್ಲಿ ಅದು ಪುಸ್ತಕವಾಗಿ ಬಂದಿತು. ಹಿರಿಯ ಮಗುವಿನ ಅಳು, ಹಟ, ಹಿಂದಿನ ಅಭ್ಯಾಸಗಳಿಗೆ ಮರಳುವುದು ಎಲ್ಲವೂ ಅಲ್ಲಿ ಕಂಡವು. ಅಂದಮೇಲೆ ಹಾಸಿಗೆ ಒದ್ದೆ ಮಾಡುವುದು ಬ್ಯಾಡಗಿಯ ಹುಡುಗಿಯೊಬ್ಬಳ ಹಟವಲ್ಲ. ಇನ್ನೊಂದು ಸಂಗತಿ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ತೋರಿತು. ಯಾವ ತಾಯಂದಿರು ಹಿರಿಯ ಮಗುವಿನೊಡನೆ ಕೂಸಿನ ಹಸಿವು, ನಿದ್ದೆ, ಬೇಕು ಬೇಡಗಳ ಬಗ್ಗೆ, ಅದೂ ಒಂದು ಮನುಷ್ಯ ಜೀವವೆಂಬಂತೆ ಮಾತಾಡುತ್ತಿದ್ದರೋ ಆ ಮನೆಗಳಲ್ಲಿ ತಿಂಗಳುಗಳ ನಂತರ ಮಕ್ಕಳಿಬ್ಬರ ನಡುವೆ ಹೆಚ್ಚು ಸ್ನೇಹವಿತ್ತು.

ಇದನ್ನು ಓದಿದಾಗ ನನಗೆ ಸೋಜಿಗವಾದದ್ದು, ಅಕ್ಷರ ಬಾರದ ನಮ್ಮ ಅಜ್ಜಿ ಅಷ್ಟರಲ್ಲಾಗಲೇ ಅದನ್ನೇ ಮಾಡುತ್ತಿದ್ದಳೆಂಬುದು. ತೂಕ ಹಾಕಿಸಿ ಬಂದ ದಿನದಿಂದ ಅವಳು ಮನೆಯ ಕ್ರಮವನ್ನೇ ಬದಲಿಸಿದಳು. ಕೂಸನ್ನು ಎರೆಯಲು ಒಯ್ದಾಗ ತಾಯಿಯ ತೊಡೆ ಹುಡುಗಿಯದು. ಆ ಹೊತ್ತಿನಲ್ಲಿ ಅಕ್ಕ ತನ್ನ ತಾಟಿನಿಂದಲೇ ತುಪ್ಪ ಕಲಿಸಿದ ರೊಟ್ಟಿಯನ್ನು ಅವಳಿಗೆ ಉಣಿಸಬೇಕು. ಒಂದು ಅಂಟಿನುಂಡಿ ಬಾಣಂತಿಗೆ, ಅರ್ಧ ಮಗಳಿಗೆ. ಕೂಸು ಅತ್ತರೆ ಅಜ್ಜಿ, “ಯಾಕ ಅಳತೈತಿ ಕೇಳು ಅದನ್ನ. ಹಸದೈತೇನು, ಚಳಿ ಆಗೇತೇನು? ನಿನಗ ತಿಳೀತೈತಿ, ನೀ ಸಣ್ಣಾಕಿ ಇದ್ದಾಗ ಹಿಂಗ ಅಳತಿದ್ದಿ” ಎನ್ನುವಳು. ಹುಡುಗಿ ತೊಟ್ಟಿಲೊಳಗೆ ಬಗ್ಗಿ ನೋಡಿ, “ಚಳಿ” ಎಂದು ತೀರ್ಪು ಕೊಟ್ಟು ಕೌದಿ ತರಲು ಓಡುವಳು. ಚೇಷ್ಟೆ ಮಾಡುವ ಹೆಣ್ಣುಮಕ್ಕಳನ್ನು ಅಜ್ಜಿ ಹೊಸ್ತಿಲಲ್ಲಿಯೇ ತಡೆದಳು.

ಆದರೆ ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದಿರಲಾರೆ. ಹಿರಿಯ ಹುಡುಗಿಗೆ ಕೆಲಸ ಕೊಡುವುದು ಬೇರೆ, ಅವಳನ್ನೇ ದಾದಿಯಾಗಿಸುವುದು ಬೇರೆ. ನಮ್ಮ ಹಿಂದಿನ ಓಣಿಯಿಂದ ಅನೇಕ ಹೆಣ್ಣುಮಕ್ಕಳು ಸುಗ್ಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾರೆ. ಬಿಡಿಸಿದಷ್ಟಕ್ಕೆ ಕೂಲಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು, ಅದರ ಬಣ್ಣದ ಕೀರ್ತಿ ಪರದೇಶಕ್ಕೂ ಹೋಗಿದೆ. ತೊಟ್ಟು ಬಿಡಿಸುವ ಕೈಗಳ ಉರಿ ಮಾತ್ರ ಇಲ್ಲಿಯೇ ಉಳಿದಿದೆ. ಆ ಕೈಯಿಂದ ಕೂಸನ್ನು ಮುಟ್ಟುವಂತಿಲ್ಲ. ಹಾಗಾಗಿ ಕೂಸು ಅಕ್ಕನ ಸೊಂಟಕ್ಕೆ ಬರುತ್ತದೆ. ಅಕ್ಕನಿಗೆ ಆರು ವರ್ಷ, ಕೆಲವೊಮ್ಮೆ ಐದು. ರಾಣೇಬೆನ್ನೂರಿನ ಸುತ್ತ ಬೀಜೋತ್ಪಾದನೆಯ ಹೊಲಗಳಲ್ಲಿ ಹೂವಿಗೆ ಹೂ ಮುಟ್ಟಿಸುವ ಕೆಲಸದ ಕಾಲದಲ್ಲಿಯೂ ಇದೇ ಕಥೆಯೆಂದು ಅಕ್ಕ ಹೇಳುತ್ತಾಳೆ. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾಗಿ ಮೊದಲಿನ ಎರಡು ಹೆರಿಗೆಗಳಿಗೆ 26 ವಾರಗಳ ಸಂಬಳಸಹಿತ ರಜೆ ದೊರೆತಿದೆ. ಬಿಡಿಸಿದಷ್ಟಕ್ಕೆ ಕೂಲಿ ಪಡೆಯುವವಳ ರಜೆಯೆಂದರೆ ಕೂಲಿ ಇಲ್ಲದ ದಿನ, ಅಷ್ಟೆ.

ಸರಕಾರ ಏನೂ ಮಾಡಿಲ್ಲವೆಂದು ಹೇಳಲಾಗದು. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಿಂದ ಅಂಗನವಾಡಿಗಳು ಬಂದವು. ಬಾಣಂತಿಯರಿಗೆ ಬಿಸಿಯೂಟ ಕೊಡುವ ‘ಮಾತೃಪೂರ್ಣ’ 2017ರಲ್ಲಿ ಬಂದಿತು. 2023–24ರ ಮುಂಗಡಪತ್ರದಲ್ಲಿ ಸಾರಿದ ‘ಕೂಸಿನ ಮನೆ’ ಉದ್ಯೋಗ ಖಾತ್ರಿಯ ಕೆಲಸಕ್ಕೆ ಹೋಗುವ ತಾಯಂದಿರ ಎಳೆಮಕ್ಕಳಿಗಾಗಿ 4000 ಗ್ರಾಮ ಪಂಚಾಯಿತಿಗಳನ್ನು ಗುರಿಯಾಗಿ ಇಟ್ಟುಕೊಂಡಿತು. ಹೆಸರೇ ಎಷ್ಟು ಚೆಂದ! ಆದರೆ ಅದು ಗ್ರಾಮ ಪಂಚಾಯಿತಿಗೆ ಸೇರಿದ್ದು. ಪಟ್ಟಣದ ಮೆಣಸಿನಕಾಯಿ ರಾಶಿಯ ಪಕ್ಕದಲ್ಲಿ ಕುಳಿತ ತಾಯಿ ಅದರ ಲೆಕ್ಕದಲ್ಲಿ ಬರುವುದಿಲ್ಲ. ಸುಗ್ಗಿಯ ನಾಲ್ಕಾರು ತಿಂಗಳು ಪೇಟೆಯ ಹತ್ತಿರವೇ ಅಂಥದೊಂದು ಮನೆ ನಡೆದರೆ ಆ ಐದಾರು ವರ್ಷದ ಅಕ್ಕಂದಿರ ಸೊಂಟದ ಭಾರ ಇಳಿಯುತ್ತದೆಂದು ನನ್ನ ಅಲ್ಪಮತಿಗೆ ತೋರುತ್ತದೆ. ನಮ್ಮ ಮನೆಯ ಹುಡುಗಿಗೆ ಅಜ್ಜಿಯಿದ್ದಳು, ಅವ್ವನಿದ್ದಳು, ಬೇಕಾದರೆ ಹೆಗಲಿಗೆ ಏರಿಸಿಕೊಳ್ಳಲು ಸೋದರಮಾವನಿದ್ದ. ಹಿಂದಿನ ಓಣಿಯ ಹುಡುಗಿಗೆ ಅವರಾರೂ ಇಲ್ಲ.

ಐದನೆಯ ತಿಂಗಳಲ್ಲಿ ಅಕ್ಕನನ್ನು ರಾಣೇಬೆನ್ನೂರಿಗೆ ಕಳಿಸಿದೆವು. ತೊಟ್ಟಿಲನ್ನು ಲಗೇಜು ಮಾಡಿ, ಉಂಡಿಯ ಡಬ್ಬಿ ಹೊತ್ತು ನಾನೂ ರೈಲು ಹತ್ತಿದೆ. ಕೂಸು ಅಕ್ಕನ ತೊಡೆಯ ಮೇಲೆ, ಹುಡುಗಿ ಕಿಟಕಿಯ ಬಳಿ. ಎದುರಿಗೆ ಕುಳಿತ ಮುದುಕಿಯೊಬ್ಬಳು ಬುತ್ತಿ ಬಿಚ್ಚಿ, ಕೂಸಿನ ಕಡೆ ನೋಡಿ ನಕ್ಕು, ರೊಟ್ಟಿಯ ಚೂರೊಂದನ್ನು ಮುಂದೆ ಮಾಡಿದಳು. ಹುಡುಗಿ ಥಟ್ಟನೆ ಕೈ ಅಡ್ಡ ಹಿಡಿದು, “ಇಂವಗ ಕೊಡಬ್ಯಾಡ್ರಿ ಅಜ್ಜಿ, ಹಲ್ಲ ಬಂದಿಲ್ಲ. ನನಗ ಬಂದಾವು” ಎಂದು ಆ ಚೂರನ್ನು ತಾನೇ ಇಸಿದುಕೊಂಡು ತಿಂದಳು. ಮರುವಾರ ಅಲ್ಲಿಯ ಅಂಗನವಾಡಿಯಲ್ಲಿ ತೂಗಿಸಿ, 14 ಕಿಲೋ 700 ಗ್ರಾಂ ಎಂದು ಅಕ್ಕ ಫೋನು ಮಾಡಿದಳು. ಅಜ್ಜಿಗೆ ಹೇಳಿದೆ. ಅವಳು ಕೇಳಿದ್ದು ಬಳೆಯ ಅಳತೆಯನ್ನು.